ಸಾರಿನ ಪುಡಿ ಮತ್ತು ಸರತಿಯ ಸಾಲು

ಅಮೆರಿಕದ ವಿಮಾನ ಹತ್ತುವವರು ಕೈಚೀಲದಲ್ಲಿ ಎಷ್ಟು ಸಾರಿನ ಪುಡಿ ಒಯ್ಯಬಹುದು ಎಂಬುದಕ್ಕೆ ಒಂದು ಲೆಕ್ಕವಿದೆ. 350 ಮಿಲಿಲೀಟರ್. ಪುಡಿಯನ್ನು ಮಿಲಿಲೀಟರಿನಲ್ಲಿ ಅಳೆಯುವುದು ಹೇಗೆ ಅಂತ ನಮ್ಮ ಮನೆಗಳ ಹೆಂಗಸರು ಕೇಳಿದರೆ ತಪ್ಪಿಲ್ಲ. ಒಂದು ಕೋಕಾಕೋಲಾ ಡಬ್ಬಿಯಲ್ಲಿ ಹಿಡಿಯುವಷ್ಟು ಎಂದು ತಿಳಿದುಕೊಳ್ಳಿ. 2018ರ ಜೂನ್ 30ರಿಂದ ಈ ನಿಯಮ ಬಂತು. ಅದಕ್ಕಿಂತ ಹೆಚ್ಚಿದ್ದರೆ ಹೊರಗೆ ತೆಗೆದು ಬೇರೆ ಟ್ರೇಯಲ್ಲಿಡಬೇಕು, ತಪಾಸಣೆ ಮಾಡುವವರಿಗೆ ಸಮಾಧಾನವಾಗದಿದ್ದರೆ ಅಲ್ಲೇ ಬಿಟ್ಟು ಹೋಗಬೇಕು. ಮಗಳ ಬಾಣಂತನಕ್ಕೆಂದು ಹೊರಟ ತಾಯಿ ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಮೆಂತ್ಯ ಎಲ್ಲ ಹದವಾಗಿ ಹುರಿದು ಪುಡಿ ಮಾಡಿಸಿ, ದೊಡ್ಡ ಪೆಟ್ಟಿಗೆ ಕಳೆದುಹೋದರೆ ಏನು ಗತಿ ಎಂದು ಕೈಚೀಲದಲ್ಲಿಟ್ಟುಕೊಂಡಿರುತ್ತಾಳೆ. ಆ ಪೊಟ್ಟಣ ಬೆಲ್ಟಿನ ಮೇಲೆ ನಿಂತುಬಿಡುತ್ತದೆ.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡುತ್ತೇನೆ. 2020ರ ಮಾರ್ಚ್‌ನಲ್ಲಿ ಕೊರೊನಾ ಹಬ್ಬಿದಾಗ ಅಮೆರಿಕದ ಸಾರಿಗೆ ಭದ್ರತಾ ಇಲಾಖೆ, ಎಲ್ಲರೂ ಟಿಎಸ್ಎ ಎನ್ನುವ ಸಂಸ್ಥೆ, ಒಬ್ಬೊಬ್ಬರಿಗೆ 12 ಔನ್ಸ್ ಸ್ಯಾನಿಟೈಸರನ್ನು ಕೈಚೀಲದಲ್ಲಿ ಒಯ್ಯಲು ಬಿಟ್ಟಿತು. 12 ಔನ್ಸ್ ಎಂದರೆ ಅದೇ 350 ಮಿಲಿಲೀಟರ್, ಅದೇ ಕೋಕಾಕೋಲಾ ಡಬ್ಬಿ. ಸ್ಯಾನಿಟೈಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಕೋಹಾಲು, ಕಡ್ಡಿ ಗೀರಿದರೆ ಹೊತ್ತಿಕೊಳ್ಳುತ್ತದೆ. ಕುಡಿಯುವ ನೀರಿಗೆ ಮಾತ್ರ 100 ಮಿಲಿಲೀಟರಿನ ಮಿತಿ ಹಾಗೇ ಉಳಿಯಿತು. ಯಾವ ವಿಮಾನವೂ ಇದರಿಂದ ಬೀಳಲಿಲ್ಲ, ಬೀಳಬೇಕೆಂಬುದು ನನ್ನ ವಾದವೂ ಅಲ್ಲ. ಬೇಕೆನಿಸಿದಾಗ ಒಂದು ರಾತ್ರಿಯಲ್ಲಿ ಸಡಿಲಿಸಬಹುದಾದ ನಿಯಮವನ್ನು ಬೇರೆ ದಿನಗಳಲ್ಲಿ ಕಲ್ಲಿನ ಮೇಲೆ ಕೆತ್ತಿದ ಹಾಗೆ ತೋರಿಸುತ್ತಾರಲ್ಲ, ಅದರ ಬಗ್ಗೆ ನನಗೆ ಸಿಟ್ಟಿದೆ.

ತಪಾಸಣೆಯೇ ಬೇಡ ಎನ್ನುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಐರ್ಲೆಂಡಿನ ಬಳಿ ಸಮುದ್ರದ ಮೇಲೆ ಸ್ಫೋಟವಾಗಿ 329 ಜನ ಸತ್ತರು. ವ್ಯಾಂಕೂವರಿನಲ್ಲಿ ಒಬ್ಬ ಪೆಟ್ಟಿಗೆಯನ್ನು ಒಪ್ಪಿಸಿ, ತಾನು ವಿಮಾನ ಹತ್ತದೆ ಮಾಯವಾದ. ಪೆಟ್ಟಿಗೆ ಮಾತ್ರ ಹತ್ತಿತು. ಟೊರಾಂಟೊದಲ್ಲಿ ಆ ದಿನ ಎಕ್ಸ್‌ರೇ ಯಂತ್ರ ನಡುವೆಯೇ ಕೆಟ್ಟುಹೋಯಿತು, ಉಳಿದ ಪೆಟ್ಟಿಗೆಗಳನ್ನು ಕೈಯಲ್ಲಿ ಹಿಡಿಯುವ ಮೂಸುವ ಸಾಧನದಿಂದ ನೋಡಿ ಕಳಿಸಿದರು. ಈಗ ಪ್ರಯಾಣಿಕ ಬರದಿದ್ದರೆ ಅವನ ಪೆಟ್ಟಿಗೆಯನ್ನು ಹುಡುಕಿ ಕೆಳಗಿಳಿಸುತ್ತಾರೆ, ಅದಕ್ಕಾಗಿ ವಿಮಾನ ಅರ್ಧ ಗಂಟೆ ತಡವಾದರೆ ನಾವು ಗೊಣಗುತ್ತೇವೆ. ಆ ಅರ್ಧ ಗಂಟೆಯ ಹಿಂದೆ ಕನಿಷ್ಕ ಇದೆ, 1988ರ ಲಾಕರ್ಬಿಯ 270 ಸಾವುಗಳಿವೆ. ಅಂಥ ಕಾಯುವಿಕೆಗೆ ನಾನು ಒಂದು ಮಾತೂ ಆಡುವುದಿಲ್ಲ. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ನಮ್ಮ ವಿಮಾನ ಕಂದಹಾರಕ್ಕೆ ಹೋದದ್ದೂ ನಮಗೆಲ್ಲ ನೆನಪಿದೆ. ಅದಾದ ಮೇಲೆಯೇ, 2000ದ ಫೆಬ್ರವರಿಯಲ್ಲಿ ಜೈಪುರದಿಂದ ಮೊದಲುಗೊಂಡು, ನಮ್ಮ ನಿಲ್ದಾಣಗಳ ಕಾವಲನ್ನು ಸಿಐಎಸ್ಎಫ್‌ಗೆ ಒಪ್ಪಿಸುತ್ತಾ ಬಂದರು. ಅದೂ ಸರಿಯಾದ ಕೆಲಸವೇ.

ನಮ್ಮ ತಿಪಟೂರಿನ ಕೊಬ್ಬರಿಯ ವಿಷಯವನ್ನೇ ತೆಗೆದುಕೊಳ್ಳಿ. ಒಣ ಕೊಬ್ಬರಿಯನ್ನು ವಿಮಾನದಲ್ಲಿ ಬಿಡುವುದಿಲ್ಲ ಎಂದಾಗ ಬಹಳ ಜನ ನಗುತ್ತಾರೆ. ಎಣ್ಣೆಯಂಶ ಹೆಚ್ಚಿರುವುದರಿಂದ ಅದು ರಾಶಿಯಲ್ಲಿ ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು, ಅಪಾಯಕಾರಿ ಸರಕುಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೊಂದು ಸಂಖ್ಯೆಯೇ ಇದೆ. ಕಾರಣವುಳ್ಳ ನಿಯಮ ಇದು, ನನ್ನ ತಕರಾರಿಲ್ಲ. ಆದರೆ ಆ ಕಾರಣವನ್ನು ಬೆಲ್ಟಿನ ಪಕ್ಕ ನಿಂತ ಯಾರೂ ಯಾರಿಗೂ ಹೇಳುವುದಿಲ್ಲ. ‘ಅಲೋ ಇಲ್ಲ’ ಎಂದು ತೊಟ್ಟಿಗೆ ಎಸೆಯುತ್ತಾರೆ. ಹೀಗಾಗಿ ಅರ್ಥವಿರುವ ನಿಯಮವೂ ಅರ್ಥವಿಲ್ಲದ ನಿಯಮವೂ ಪ್ರಯಾಣಿಕನ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಹಸಿ ತೆಂಗಿನಕಾಯಿಯ ಕಥೆ ಇನ್ನೂ ಚೆನ್ನ. ಅದನ್ನೂ ಕೈಚೀಲದಲ್ಲಿ ಬಿಡುತ್ತಿರಲಿಲ್ಲ. 2024ರ ಅಕ್ಟೋಬರಿನಲ್ಲಿ ಶಬರಿಮಲೆ ಯಾತ್ರಿಕರ ಇರುಮುಡಿಯ ಕಾಯಿಗೆ ಮಾತ್ರ, ಆ ವರ್ಷದ ಯಾತ್ರೆ ಮುಗಿಯುವ ತನಕ, ವಿನಾಯಿತಿ ಕೊಟ್ಟರು. ಎಕ್ಸ್‌ರೇ ಮಾಡಿ, ಸ್ಫೋಟಕದ ಕಣ ಪತ್ತೆಹಚ್ಚುವ ಯಂತ್ರದಲ್ಲಿ ನೋಡಿ, ಕೈಯಿಂದ ಪರೀಕ್ಷಿಸಿ ಬಿಡಿ ಎಂದರು. ಯಾತ್ರಿಕರಿಗೆ ಕೊಟ್ಟದ್ದು ಸಂತೋಷ. ಹಾಗೆ ನೋಡಿ ಬಿಡುವುದು ಸಾಧ್ಯವಿದ್ದರೆ ಮಿಕ್ಕವರ ಕಾಯಿಯನ್ನೂ ಹಾಗೇ ನೋಡಿ ಬಿಡಲು ಏನು ಅಡ್ಡಿ?

ನಿಯಮಗಳು ಹುಟ್ಟುವ ಬಗೆ ನೋಡಿ. 2001ರ ಡಿಸೆಂಬರ್ 22ರಂದು ಪ್ಯಾರಿಸಿನಿಂದ ಮಯಾಮಿಗೆ ಹೊರಟ ವಿಮಾನದಲ್ಲಿ ರಿಚರ್ಡ್ ರೀಡ್ ಎಂಬವನು ಶೂನೊಳಗಿನ ಬಾಂಬಿಗೆ ಬೆಂಕಿ ಕೊಡಲು ಹೋದ. ಸಿಬ್ಬಂದಿ ಮತ್ತು ಪ್ರಯಾಣಿಕರು ಅವನನ್ನು ಹಿಡಿದು ಕಟ್ಟಿಹಾಕಿದರು. ಅಂದಿನಿಂದ ನಮ್ಮ ಶೂ ಸಂಶಯಾಸ್ಪದವಾಯಿತು. 2006ರಲ್ಲಿ ಅಮೆರಿಕ ಎಲ್ಲರೂ ಶೂ ಬಿಚ್ಚಲೇಬೇಕೆಂದು ಕಡ್ಡಾಯ ಮಾಡಿತು. 2006ರ ಆಗಸ್ಟ್‌ನಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ಪಾನೀಯದ ಬಾಟಲಿಯಲ್ಲಿ ತುಂಬಿದ ಸ್ಫೋಟಕದಿಂದ ಉರುಳಿಸುವ ಸಂಚು ಬಯಲಾಯಿತು. ಬಯಲಿಗೆಳೆದದ್ದು ಪೊಲೀಸರು ಮತ್ತು ಗುಪ್ತಚರರು, ಆ ಹುಡುಗರು ನಿಲ್ದಾಣದ ಹತ್ತಿರ ಬರುವ ಮೊದಲೇ. ನಿಯಮ ಬಂದದ್ದು ನಮ್ಮ ನೀರಿನ ಬಾಟಲಿಗೆ. 2009ರ ಕ್ರಿಸ್‌ಮಸ್ ದಿನ ಆಮ್‌ಸ್ಟರ್‌ಡ್ಯಾಮಿನಿಂದ ಡೆಟ್ರಾಯ್ಟಿಗೆ ಹೊರಟ ವಿಮಾನದಲ್ಲಿ ಒಬ್ಬ ನೈಜೀರಿಯನ್ ಯುವಕ ಒಳಚಡ್ಡಿಯಲ್ಲಿ ಬಾಂಬು ಇಟ್ಟುಕೊಂಡಿದ್ದ. ಆ ಹುಡುಗನ ಸ್ವಂತ ತಂದೆ ಒಂದು ತಿಂಗಳ ಮೊದಲೇ ಅಮೆರಿಕದ ರಾಯಭಾರ ಕಚೇರಿಗೆ ಹೋಗಿ, ಮಗನ ನಡೆ ನನಗೆ ಭಯ ಹುಟ್ಟಿಸಿದೆ ಎಂದು ತಿಳಿಸಿ ಬಂದಿದ್ದ. ಅಪ್ಪ ಬಂದು ಹೇಳಿದ ಮಾತು ಯಾವುದೋ ಕಡತದಲ್ಲಿ ಮಲಗಿತು. ಆಮೇಲೆ ಏನು ಮಾಡಿದರು? ಅಮೆರಿಕಕ್ಕೆ ಹೊರಟ ಪ್ರಯಾಣಿಕರು ಕೊನೆಯ ಒಂದು ಗಂಟೆ ಸೀಟು ಬಿಟ್ಟು ಏಳಬಾರದು, ತೊಡೆಯ ಮೇಲೆ ಹೊದಿಕೆ ಹಾಕಿಕೊಳ್ಳಬಾರದು ಎಂದರು. ಸಕ್ಕರೆ ಕಾಯಿಲೆಯ ಮುದುಕರು, ಮಕ್ಕಳ ತಾಯಂದಿರು ಆ ಒಂದು ಗಂಟೆ ಹೇಗೆ ಕೂತಿರಬೇಕು ಎಂದು ಯಾರೂ ಯೋಚಿಸಲಿಲ್ಲ. ಕೆಲವೇ ದಿನಗಳಲ್ಲಿ ಅದನ್ನು ಸಡಿಲಿಸಿದರು. ಹಾಗೆಯೇ 2010ರ ಜನವರಿಯಲ್ಲಿ 14 ದೇಶಗಳ ಪಟ್ಟಿ ಮಾಡಿ, ಅಲ್ಲಿಂದ ಬರುವ ಎಲ್ಲರನ್ನೂ ಮೈಮುಟ್ಟಿ ತಪಾಸಿಸಬೇಕೆಂದರು. ಏಪ್ರಿಲ್‌ನಲ್ಲಿ ಅದನ್ನೂ ಕೈಬಿಟ್ಟರು.

2017ರ ಮಾರ್ಚ್‌ನಲ್ಲಿ ಬಂದ ಲ್ಯಾಪ್‌ಟಾಪ್ ನಿಷೇಧ ನಮ್ಮವರಿಗೆ ಚೆನ್ನಾಗಿ ನೆನಪಿರಬೇಕು. ದುಬೈ, ಅಬುಧಾಬಿ, ದೋಹಾ ಸೇರಿದಂತೆ ಹತ್ತು ನಿಲ್ದಾಣಗಳಿಂದ ಅಮೆರಿಕಕ್ಕೆ ನೇರ ಹೋಗುವವರು ಫೋನಿಗಿಂತ ದೊಡ್ಡ ಉಪಕರಣವನ್ನು ಜೊತೆಗೆ ಇಟ್ಟುಕೊಳ್ಳುವಂತಿರಲಿಲ್ಲ. ಬೆಂಗಳೂರಿನಿಂದ ಆ ದಾರಿಯಲ್ಲಿ ಹೋಗುವ ಸಾಫ್ಟ್‌ವೇರ್ ಹುಡುಗರು ಹೊಟ್ಟೆಪಾಡಿನ ಯಂತ್ರವನ್ನು ಸರಕಿನ ಹೊಟ್ಟೆಗೆ ಹಾಕಿ ದೇವರಿಗೆ ಕೈಮುಗಿದರು. ಅದೇ ವಾರ ಬ್ರಿಟನ್ ಕೂಡ ಇಂಥದೇ ನಿಷೇಧ ತಂದಿತು, ಆದರೆ ಅದರ ಪಟ್ಟಿಯಲ್ಲಿ ದುಬೈ, ದೋಹಾ ಇರಲೇ ಇಲ್ಲ. ಒಂದೇ ಲ್ಯಾಪ್‌ಟಾಪು ಲಂಡನ್ನಿಗೆ ಹೋಗುವಾಗ ನಿರುಪದ್ರವಿ, ನ್ಯೂಯಾರ್ಕಿಗೆ ಹೋಗುವಾಗ ಅಪಾಯ. ಲಿಥಿಯಂ ಬ್ಯಾಟರಿಯನ್ನು ಸರಕಿನ ಕೋಣೆಯಲ್ಲಿ ಇಡಬಾರದು, ಹೊತ್ತಿಕೊಂಡರೆ ಆರಿಸುವವರಿಲ್ಲ ಎಂದು ಅಲ್ಲಿಯ ತನಕ ನಮಗೆ ಪಾಠ ಹೇಳಿದ್ದು ಇದೇ ಜನ. ಜುಲೈ ಹೊತ್ತಿಗೆ ಅಮೆರಿಕದ ನಿಷೇಧ ಹೋಯಿತು.

ಇಷ್ಟೆಲ್ಲ ಮಾಡಿ ಯಂತ್ರ, ಕೈ, ಕಣ್ಣು ಎಷ್ಟು ಹಿಡಿಯುತ್ತವೆ? 2015ರಲ್ಲಿ ಅಮೆರಿಕದ ಸರ್ಕಾರವೇ ತನ್ನ ನಿಲ್ದಾಣಗಳಿಗೆ ಮಾರುವೇಷದಲ್ಲಿ ತನ್ನದೇ ಜನರನ್ನು ಕಳಿಸಿತು. ನಕಲಿ ಬಾಂಬು, ಆಯುಧ ಹೊತ್ತು 70 ಸಲ ಹೋದರು, 67 ಸಲ ದಾಟಿಬಿಟ್ಟರು. ಸುದ್ದಿ ಹೊರಬಿದ್ದ ಮೇಲೆ ಟಿಎಸ್ಎಯ ಉಸ್ತುವಾರಿ ಮುಖ್ಯಸ್ಥರನ್ನು ಬೇರೆಡೆಗೆ ವರ್ಗ ಮಾಡಿದರು. ಅವೇ ನಿಲ್ದಾಣಗಳ ಅದೇ ಸಾಲಿನಲ್ಲಿ ನಮ್ಮ ಅಜ್ಜಿಯರ ಉಪ್ಪಿನಕಾಯಿ ಮಾತ್ರ ಸಿಕ್ಕಿಬೀಳುತ್ತದೆ. ಅಮೆರಿಕದ ಭದ್ರತಾ ತಜ್ಞ ಬ್ರೂಸ್ ಶ್ನೈಯರ್ ಇದನ್ನು ಭದ್ರತೆಯ ನಾಟಕ ಎಂದು ಕರೆದು ಇಪ್ಪತ್ತು ವರ್ಷ ದಾಟಿತು.

ನಾಟಕವಾದರೂ ಇರಲಿ, ಜನರಿಗೆ ಧೈರ್ಯ ಬರುತ್ತದಲ್ಲ ಎನ್ನುವವರಿದ್ದಾರೆ. ಆ ಧೈರ್ಯಕ್ಕೆ ಬೆಲೆ ಇಲ್ಲದಿದ್ದರೆ ನಾನೂ ಒಪ್ಪುತ್ತಿದ್ದೆ. ತಪಾಸಣೆ ಬಿಗಿಯಾದಷ್ಟೂ ಸಾಲು ಉದ್ದವಾಗುತ್ತದೆ, ಸಾಲು ನಿಲ್ಲುವುದು ತಪಾಸಣೆಯ ಈಚೆ, ಬಾಗಿಲಿನ ಕಡೆ. 2011ರ ಜನವರಿಯಲ್ಲಿ ಮಾಸ್ಕೋದ ದೊಮೊದೆದೊವೊದಲ್ಲಿ ಬಾಂಬು ಸಿಡಿದದ್ದು ಹೊರಬರುವವರಿಗಾಗಿ ಜನ ಕಾಯುತ್ತಿದ್ದ ಹಜಾರದಲ್ಲಿ. 2016ರ ಮಾರ್ಚ್‌ನಲ್ಲಿ ಬ್ರಸೆಲ್ಸ್‌ನಲ್ಲಿ ಸಿಡಿದದ್ದು ಚೆಕ್-ಇನ್ ಕೌಂಟರುಗಳ ಹತ್ತಿರ. ಅದೇ ವರ್ಷ ಜೂನ್‌ನಲ್ಲಿ ಇಸ್ತಾನ್‌ಬುಲ್‌ನ ಅತಾತುರ್ಕ್ ನಿಲ್ದಾಣದಲ್ಲಿ 40ಕ್ಕೂ ಹೆಚ್ಚು ಜನರನ್ನು ಕೊಂದವರು ವಿಮಾನ ಹತ್ತಲು ಬಂದವರಾಗಿರಲಿಲ್ಲ. ನಮ್ಮ ಮಂಗಳೂರಿನಲ್ಲೇ 2020ರ ಜನವರಿಯಲ್ಲಿ ಸ್ಫೋಟಕವಿದ್ದ ಚೀಲ ಸಿಕ್ಕಿದ್ದು ಎಲ್ಲಿ? ಟಿಕೆಟ್ ಕೌಂಟರಿನ ಬಳಿ. ಒಳಗೆ ನಾವು ಬೆಲ್ಟು ಬಿಚ್ಚಿ ಪ್ಯಾಂಟು ಹಿಡಿದು ನಿಂತಿರುವಾಗ ಹೊರಗೆ ಐನೂರು ಜನ ಒತ್ತೊತ್ತಾಗಿ ಟ್ರಾಲಿ ಹಿಡಿದು ನಿಂತಿರುತ್ತಾರೆ. ಈ ಗುಂಪನ್ನು ಕರಗಿಸುವುದೇ ಭದ್ರತೆಯ ಮೊದಲ ಕೆಲಸವಾಗಬೇಕಿತ್ತು. ಅದಕ್ಕೆ ಹೆಚ್ಚು ಕೌಂಟರು, ಹೆಚ್ಚು ಸಿಬ್ಬಂದಿ ಬೇಕು, ಅಂದರೆ ದುಡ್ಡು ಬೇಕು. ‘ನಾಲ್ಕು ಗಂಟೆ ಮೊದಲೇ ಬನ್ನಿ’ ಎನ್ನಲು ದುಡ್ಡು ಬೇಕಿಲ್ಲ.

ಈಗ ಮನೆಯ ಮಾತು. ನನ್ನ ದೊಡ್ಡಕ್ಕನಿಗೆ 68 ವರ್ಷ, ಎರಡೂ ಮಂಡಿ ಬದಲಿಸಿಕೊಂಡವಳು, ಕನ್ನಡ ಬಿಟ್ಟು ಬೇರೆ ಮಾತು ಬಾರದು. ಮಗನ ಮನೆಗೆ ಅವಳನ್ನು ಬಿಟ್ಟುಬರಲು ನಾನು ಹೋಗಿದ್ದೆ. ಯುರೋಪಿನ ಒಂದು ನಿಲ್ದಾಣದಲ್ಲಿ ವಿಮಾನ ಬದಲಿಸಬೇಕಿತ್ತು. ಬೆಂಗಳೂರಿನಲ್ಲಿ ತಪಾಸಣೆಯಾಗಿ, ನೆಲ ಮುಟ್ಟದೆ ಅಲ್ಲಿಗೆ ಬಂದಿದ್ದೇವೆ, ಆದರೂ ಮತ್ತೆ ಮೊದಲಿನಿಂದ. ಚೌಕಟ್ಟು ದಾಟಿದ ಕೂಡಲೇ ಕೂಗಿಕೊಂಡಿತು, ಮಂಡಿಯಲ್ಲಿ ಲೋಹವಿದ್ದರೆ ಕೂಗದೆ ಇನ್ನೇನು ಮಾಡೀತು. ವೈದ್ಯರ ಪತ್ರ ತೋರಿಸಿದೆ. ನೋಡಲಿಲ್ಲ. ಅಕ್ಕನನ್ನು ಪರದೆಯ ಹಿಂದಕ್ಕೆ ಕರೆದುಕೊಂಡು ಹೋದರು. ಭಾಷೆ ಬಾರದು, ನಾನು ಪರದೆಯ ಈಚೆಯಿಂದಲೇ ಹೇಳಿಕೊಡುತ್ತೇನೆ ಎಂದೆ. ಗಂಡಸರು ದೂರ ನಿಲ್ಲಬೇಕು ಎಂದರು, ಹೆಂಗಸರಲ್ಲಿ ಕನ್ನಡ ಬಲ್ಲವರು ಅಲ್ಲಿ ಯಾರಿದ್ದಾರೆ? ಒಳಗಿನಿಂದ ಇಂಗ್ಲಿಷಿನಲ್ಲಿ ಆಜ್ಞೆಗಳು ಕೇಳುತ್ತಿದ್ದವು, ಪ್ರತಿ ಸಲವೂ ಸ್ವಲ್ಪ ಜೋರಾಗಿ. ಕಿವಿ ಕೇಳದವರಿಗೆ ಹೇಳುವ ಹಾಗೆ. ಅಕ್ಕನ ದನಿ ಕೇಳಲೇ ಇಲ್ಲ. ಇಪ್ಪತ್ತು ನಿಮಿಷವಾದ ಮೇಲೆ ಹೊರಬಂದಳು. ನೆರಿಗೆ ಹೇಗೋ ಸಿಕ್ಕಿಸಿಕೊಂಡಿದ್ದಳು, ಸೆರಗಿನ ಪಿನ್ನು ಇರಲಿಲ್ಲ, ತಾಳಿಯ ಸರ ರವಿಕೆಯ ಹೊರಗಿತ್ತು. ಬೆಂಚಿನ ಮೇಲೆ ಕೂತು ಸ್ವಲ್ಪ ನೀರು ಕೇಳಿದಳು. ನೀರಿನ ಬಾಟಲಿಯನ್ನು ಆಗಲೇ ಎಸೆದಿದ್ದರು. ‘ಏನ್ ಸಿಕ್ತಂತೋ ಅವ್ಳಿಗೆ?’ ಎಂದಷ್ಟೇ ಕೇಳಿದಳು. ಏನೂ ಇಲ್ಲ ಅಕ್ಕ ಅಂದೆ. ಆ ಪ್ರಯಾಣದಲ್ಲಿ ಮತ್ತೆ ಆ ಮಾತು ಎತ್ತಲಿಲ್ಲ. ಮಗ ಫೋನು ಮಾಡಿ ಇನ್ನೊಮ್ಮೆ ಬಾ ಎಂದಾಗಲೆಲ್ಲ ಈಗ ಅವಳಿಗೆ ಮಂಡಿ ನೋವು ಬರುತ್ತದೆ.

ಊರಿಗೆ ಬಂದು ದೂರು ಬರೆದೆ. ವಿಮಾನ ಕಂಪನಿಯವರು ತಪಾಸಣೆ ನಿಲ್ದಾಣದವರದು ಎಂದರು. ನಿಲ್ದಾಣದವರು ತಪಾಸಣೆಯನ್ನು ಗುತ್ತಿಗೆಗೆ ಕೊಟ್ಟಿದ್ದೇವೆ, ನಿಯಮ ಸರ್ಕಾರದ್ದು ಎಂದರು. ಗುತ್ತಿಗೆಯವರು ಸಿಬ್ಬಂದಿ ಕ್ರಮದಂತೆ ನಡೆದುಕೊಂಡಿದ್ದಾರೆ ಎಂದು ಎರಡು ಸಾಲು ಬರೆದರು. ಕ್ರಮ ಯಾವುದು, ತೋರಿಸಿ ಎಂದೆ. ಭದ್ರತೆಯ ಕಾರಣದಿಂದ ತೋರಿಸಲಾಗದು ಎಂಬ ಉತ್ತರ ಬಂತು.

ಇದು ಹೊರದೇಶದ ಕಥೆ ಎಂದು ನಾವು ಮೂಗು ಮುರಿಯುವಂತಿಲ್ಲ. ಅಪಘಾತದಲ್ಲಿ ಕಾಲು ಕಳೆದುಕೊಂಡು ಕೃತಕ ಕಾಲಿನಲ್ಲಿ ನೃತ್ಯ ಮಾಡಿ ಹೆಸರಾದ ಸುಧಾ ಚಂದ್ರನ್ 2021ರ ಅಕ್ಟೋಬರಿನಲ್ಲಿ, ಪ್ರತಿ ಸಲವೂ ನಿಲ್ದಾಣದಲ್ಲಿ ಕಾಲು ಬಿಚ್ಚಿಸುತ್ತಾರೆ ಎಂದು ವಿಡಿಯೊದಲ್ಲಿ ಪ್ರಧಾನಿಗೇ ಮೊರೆಯಿಟ್ಟರು. ಮರುದಿನ ಸಿಐಎಸ್ಎಫ್ ಕ್ಷಮೆ ಕೇಳಿತು. ಹೆಸರುವಾಸಿಯಾಗಿದ್ದರಿಂದ ಕ್ಷಮೆಯಾದರೂ ಸಿಕ್ಕಿತು. ನಮ್ಮ ಕರಾವಳಿಯಿಂದ ಗಲ್ಫಿಗೆ ದುಡಿಯಲು ಹೋಗುವ ಹುಡುಗನಿಗೆ ಯಾರು ಕ್ಷಮೆ ಕೇಳುತ್ತಾರೆ? ಅವನ ರಟ್ಟಿನ ಪೆಟ್ಟಿಗೆಯ ಹಗ್ಗ ಬಿಚ್ಚಿಸಿ, ಬಟ್ಟೆಯೆಲ್ಲ ಹರಡಿ, ಮತ್ತೆ ಕಟ್ಟಿಕೊಳ್ಳಲು ಎರಡು ನಿಮಿಷ ಕೊಡುವುದಿಲ್ಲ. ಬೈಯುವುದೂ ಅವನಿಗೆ ಬಾರದ ಭಾಷೆಯಲ್ಲಿ. ಕರ್ನಾಟಕದ ನೆಲದಲ್ಲಿರುವ ನಿಲ್ದಾಣದಲ್ಲಿ ಒಬ್ಬ ಕನ್ನಡದ ಮುದುಕಿಗೆ ‘ಕೈ ಎತ್ತಿ ತಾಯಿ’ ಎನ್ನುವ ಮೂರು ಪದ ಹೇಳಬಲ್ಲವರನ್ನು ಪ್ರತಿ ಪಾಳಿಯಲ್ಲಿ ಒಬ್ಬರನ್ನಾದರೂ ನಿಲ್ಲಿಸುವುದಕ್ಕೆ ಯಾವ ಅಂತಾರಾಷ್ಟ್ರೀಯ ಒಪ್ಪಂದ ಅಡ್ಡ ಬರುತ್ತದೆ?

ನಮ್ಮ ಸಿಟ್ಟು ಯಾವಾಗ ಏಳುತ್ತದೆ ಎಂಬುದನ್ನು ನಾನು ಗಮನಿಸುತ್ತಾ ಬಂದಿದ್ದೇನೆ. 2009ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಅಮೆರಿಕದ ವಿಮಾನ ಕಂಪನಿಯೊಂದರ ಸಿಬ್ಬಂದಿ ಅಬ್ದುಲ್ ಕಲಾಂ ಅವರನ್ನು ತಪಾಸಿಸಿದರು, ಸಂಸತ್ತು ಕುದಿಯಿತು, ಕಂಪನಿ ಕ್ಷಮೆ ಕೇಳಿತು. ಗಲಾಟೆ ಮಾಡದೆ ತಪಾಸಣೆಗೆ ಒಪ್ಪಿಕೊಂಡವರು ಕಲಾಂ ಒಬ್ಬರೇ. ಅದೇ ವರ್ಷ ಆಗಸ್ಟ್‌ನಲ್ಲಿ ಶಾರುಖ್ ಖಾನರನ್ನು ನ್ಯೂವಾರ್ಕಿನಲ್ಲಿ ಕೂರಿಸಿಕೊಂಡರೆಂದು ದೇಶವಿಡೀ ಮಾತಾಡಿತು. 2010ರ ಡಿಸೆಂಬರಿನಲ್ಲಿ ನಮ್ಮ ರಾಯಭಾರಿ ಮೀರಾ ಶಂಕರ್ ಸೀರೆಯುಟ್ಟಿದ್ದಾರೆಂದು ಮಿಸಿಸಿಪ್ಪಿಯ ನಿಲ್ದಾಣದಲ್ಲಿ ಅವರನ್ನು ಸಾಲಿನಿಂದ ಹೊರಗೆ ಕರೆದು ಮೈಮುಟ್ಟಿ ತಪಾಸಿಸಿದರು. ಆಗ ವಿದೇಶಾಂಗ ಸಚಿವರಾಗಿದ್ದವರು ನಮ್ಮ ಎಸ್.ಎಂ. ಕೃಷ್ಣ, ಇದನ್ನು ಒಪ್ಪಲಾಗದು ಎಂದರು. ಸರಿಯೇ. ಆದರೆ ಸೀರೆಯುಟ್ಟ ಕಾರಣಕ್ಕೆ ರಾಯಭಾರಿಯನ್ನು ತಡೆಯುವುದು ತಪ್ಪಾದರೆ, ಸೀರೆಯುಟ್ಟ ನನ್ನ ಅಕ್ಕನನ್ನು ತಡೆಯುವುದು ಹೇಗೆ ಸರಿ? ರಾಯಭಾರಿಯ ಹುದ್ದೆಗೆ ಆದ ಅವಮಾನವನ್ನು ನಾವು ಅಳೆದೆವು, ಸೀರೆಯನ್ನು ಅಲ್ಲೇ ಬಿಟ್ಟುಬಂದೆವು.

ನಮ್ಮ ನಿಲ್ದಾಣಗಳಲ್ಲಿ ಒಂದು ಫಲಕವಿದೆ, ನೋಡಿರುತ್ತೀರಿ. ತಪಾಸಣೆಯಿಂದ ವಿನಾಯಿತಿ ಪಡೆದವರ ಪಟ್ಟಿ. ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ, ರಾಜ್ಯಪಾಲರು, ಮುಖ್ಯಮಂತ್ರಿಗಳು ಹೀಗೆ ಇಳಿದುಕೊಂಡು ಹೋಗುತ್ತದೆ. ಯಾವ ಹುದ್ದೆಯೂ ಇಲ್ಲದ ರಾಬರ್ಟ್ ವಾದ್ರಾ ಅವರ ಹೆಸರು 2015ರಲ್ಲಿ ತೆಗೆಯುವ ತನಕ ಅದರಲ್ಲಿತ್ತು. ಅಮೆರಿಕದಲ್ಲಿ ಇಂಥ ಫಲಕವಿಲ್ಲ, ಅಲ್ಲಿ ದರಪಟ್ಟಿಯಿದೆ. ಅರ್ಜಿ ಹಾಕಿ, ಹಿನ್ನೆಲೆ ಪರಿಶೀಲನೆಗೆ ಒಪ್ಪಿ, ಒಂದಿಷ್ಟು ಡಾಲರು ಕಟ್ಟಿದರೆ ಐದು ವರ್ಷ ಶೂ ಬಿಚ್ಚದೆ, ಲ್ಯಾಪ್‌ಟಾಪ್ ತೆಗೆಯದೆ ಬೇರೆ ಸಾಲಿನಲ್ಲಿ ಹೋಗಬಹುದು. ನಿಯಮ ಮಾಡುವವರೆಲ್ಲ ಆ ಸಾಲಿನಲ್ಲಿ ಹೋಗುವುದರಿಂದ ಈ ಸಾಲು ಹೇಗಿದೆ ಎಂದು ಅವರಿಗೆ ತಿಳಿಯುವುದೇ ಇಲ್ಲ. ಮಂತ್ರಿಗಳು ಒಂದು ವರ್ಷ ನಮ್ಮ ಜೊತೆ ಈ ಸಾಲಿನಲ್ಲಿ ನಿಂತಿದ್ದರೆ ಟ್ರೇಗಳ ಸಂಖ್ಯೆಯಾದರೂ ಹೆಚ್ಚುತ್ತಿತ್ತು.

ಅಲ್ಲಿ ನಿಂತ ಪೇದೆಗಳ ಮೇಲೆ ನನಗೆ ಕೋಪವಿಲ್ಲ. ದಿನಕ್ಕೆ ಸಾವಿರಾರು ಕಂಕುಳು ಸವರುವ ಕೆಲಸ ಯಾರಿಗೆ ಇಷ್ಟ? ಪರದೆಯ ಮೇಲೆ ಕಿತ್ತಳೆ, ನೀಲಿ, ಹಸಿರು ನೆರಳುಗಳನ್ನು ನೋಡಿ ನೋಡಿ ಅವರ ಕಣ್ಣು ಸೋತಿರುತ್ತದೆ. ಒಂದು ಬಿಟ್ಟುಹೋದರೆ ಅವರ ನೌಕರಿ ಹೋಗುತ್ತದೆ, ನೂರು ಮುದುಕಿಯರನ್ನು ನೋಯಿಸಿದರೆ ಏನೂ ಆಗುವುದಿಲ್ಲ. ಹಾಗಿರುವಾಗ ಅವರು ಯಾವುದನ್ನು ಆರಿಸಿಕೊಳ್ಳುತ್ತಾರೆಂದು ಹೇಳಲು ಮನಶ್ಶಾಸ್ತ್ರ ಬೇಡ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಹೊಸ ನಿಯಮ ತರುವಾಗ ಅದರ ಮೇಲೆ ಒಂದು ಮುಗಿಯುವ ತಾರೀಕು ಬರೆಯಿರಿ, ಆ ತಾರೀಕಿಗೆ ಮತ್ತೆ ಬೇಕೆಂದು ಸಂಸತ್ತಿನ ಮುಂದೆ ವಾದಿಸಿ ಉಳಿಸಿಕೊಳ್ಳಿ. ಕೈಚೀಲಗಳ ಚೀಟಿಗೆ ಠಸ್ಸೆ ಹೊಡೆಯುವ ಪದ್ಧತಿ ನೆನಪಿದೆಯೇ? ಅದು ಹೋದರೆ ಆಕಾಶ ಬೀಳುತ್ತದೆ ಎಂಬಂತಿತ್ತು. 2017ರಲ್ಲಿ ಬೆಂಗಳೂರು ಸೇರಿ ಏಳು ನಿಲ್ದಾಣಗಳಲ್ಲಿ ತೆಗೆದರು, ಏನೂ ಆಗಲಿಲ್ಲ. ಬ್ರಿಟನ್ನಿನ ಕೆಲವು ನಿಲ್ದಾಣಗಳು ಹೊಸ ಯಂತ್ರ ತಂದು 2023ರಲ್ಲಿ ದ್ರವದ ಮಿತಿಯನ್ನು ಎರಡು ಲೀಟರಿಗೆ ಏರಿಸಿದವು, 2024ರ ಜೂನ್‌ನಲ್ಲಿ ಸರ್ಕಾರ ಮತ್ತೆ 100ಕ್ಕೆ ಇಳಿಸಿತು. ಯಂತ್ರ ಸರಿಯಿಲ್ಲವೋ, ನಿಯಮವೋ, ಬಾಯಿಬಿಟ್ಟು ಹೇಳಲಿ. ಶೂ ಬಿಚ್ಚಿಸುವುದನ್ನು ಅಮೆರಿಕ 2025ರ ಜುಲೈನಲ್ಲಿ ನಿಲ್ಲಿಸಿತು. ಹತ್ತೊಂಬತ್ತು ವರ್ಷ ಕೋಟಿಗಟ್ಟಲೆ ಜನ ಬರಿಗಾಲಲ್ಲಿ ನಡೆದು ಸಿಕ್ಕಿದ್ದೇನು ಎಂಬ ಲೆಕ್ಕವನ್ನು ನಮ್ಮ ಮುಂದೆ ಇಡಲಿ. ತಪಾಸಣೆಗೆ ಒಳಗಾಗುವವರ ಹಕ್ಕುಗಳೇನು, ಪರದೆಯ ಹಿಂದೆ ಮನೆಯವರೊಬ್ಬರನ್ನು ಕರೆದುಕೊಳ್ಳಬಹುದೇ, ಯಾರಿಗೆ ದೂರು ಕೊಡಬೇಕು, ಎಷ್ಟು ದಿನದಲ್ಲಿ ಉತ್ತರ ಬರಬೇಕು ಎಂಬುದನ್ನು ಆಯಾ ನೆಲದ ಭಾಷೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೂಗುಹಾಕಲಿ. ಗಣ್ಯರ ಪಟ್ಟಿ ಬರೆಯಲು ಸಿಕ್ಕ ಗೋಡೆಯಲ್ಲೇ ಇದಕ್ಕೂ ಜಾಗವಿದೆ.